ಹಳೇ ಸಿಆರ್‌ಓ ಕೊಳವೆಯಲ್ಲಿ ಒಂದು ವೀನ್ ಫಿಲ್ಟರ್

ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮಾನೋಕ್ರೋಮೇಟರ್ (ಒಂದೇ ಶಕ್ತಿಯ ಎಲೆಕ್ಟ್ರಾನ್‌ಗಳನ್ನಷ್ಟೇ ಆರಿಸಿ ಬಿಡುವ ಭಾಗ) ಒಳಗೆ ಏನು ನಡೆಯುತ್ತದೋ ಅದನ್ನು ಕಣ್ಣಾರೆ ನೋಡಬೇಕು, ಬಿಎಸ್‌ಸಿ ಓದುವ ಊರಿನ ಮಕ್ಕಳಿಗೂ ತೋರಿಸಬೇಕು ಎಂದು ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಇದನ್ನು ಕಟ್ಟಿದೆ. ಅಂಥ ಸೂಕ್ಷ್ಮದರ್ಶಕ ನೋಡಬೇಕಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆಗೆ ಹೋಗಬೇಕು. ಹೋದರೂ ಕಾಣುವುದು ಎತ್ತರದ ಕಂಬ ಮತ್ತು ಕಂಪ್ಯೂಟರ್ ಪರದೆ, ಅಷ್ಟೇ. ಕಂಬದೊಳಗಿನ ಎಲೆಕ್ಟ್ರಾನ್ ಕಿರಣ ಯಾರ ಕಣ್ಣಿಗೂ ಬೀಳುವುದಿಲ್ಲ. ಹಳೇ ಸಿಆರ್‌ಓ (ವಿದ್ಯುತ್ ಅಲೆಗಳನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್) ಕೊಳವೆಯಲ್ಲಿ ಅದೇ ಕಿರಣ ಹಸಿರು ಚುಕ್ಕೆಯಾಗಿ ಎದುರಿಗೇ ನಿಲ್ಲುತ್ತದೆ. ನಿರ್ವಾತ, ಕ್ಯಾಥೋಡ್, ಫೋಕಸ್, ಬಾಗಿಸುವ ತಗಡುಗಳು ಎಲ್ಲವೂ ಒಳಗೆ ಸಿದ್ಧವಾಗಿಯೇ ಇರುತ್ತವೆ. ಹೊರಗಿನಿಂದ ಕಾಂತಕ್ಷೇತ್ರವೊಂದನ್ನು ಕೊಟ್ಟರೆ ವೀನ್ ಫಿಲ್ಟರ್, ಅಂದರೆ ವೇಗ ನೋಡಿ ಎಲೆಕ್ಟ್ರಾನ್‌ಗಳನ್ನು ಬೇರ್ಪಡಿಸುವ ಜೋಡಣೆ, ತಯಾರು.

ಮಾನೋಕ್ರೋಮೇಟರ್ ಯಾಕೆ ಬೇಕು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಸೂಕ್ಷ್ಮದರ್ಶಕದ ಗನ್‌ನಿಂದ ಹೊರಡುವ ಎಲೆಕ್ಟ್ರಾನ್‌ಗಳಿಗೆಲ್ಲ ಒಂದೇ ಶಕ್ತಿ ಇರುವುದಿಲ್ಲ. ಟಂಗ್‌ಸ್ಟನ್ ತಂತಿಯಾದರೆ ಹರವು 1.5ರಿಂದ 3 ಎಲೆಕ್ಟ್ರಾನ್ ವೋಲ್ಟ್, ಶಾಟ್ಕಿ ಗನ್ ಆದರೆ 0.7ರ ಆಸುಪಾಸು, ಕೋಲ್ಡ್ ಫೀಲ್ಡ್ ಎಮಿಷನ್ ಆದರೆ 0.3. ಮಾದರಿಯನ್ನು ಹಾಯ್ದು ಬಂದ ಎಲೆಕ್ಟ್ರಾನ್ ಎಷ್ಟು ಶಕ್ತಿ ಕಳೆದುಕೊಂಡಿತು ಎಂದು ಅಳೆದರೆ ಅಲ್ಲಿರುವ ಪರಮಾಣು ಯಾವುದು, ಬಂಧ ಎಂಥದು ಎಂದು ತಿಳಿಯುತ್ತದೆ. 1944ರಲ್ಲಿ ಹಿಲಿಯರ್ ಮತ್ತು ಬೇಕರ್ ಈ ಅಳತೆಯನ್ನು ಸೂಕ್ಷ್ಮದರ್ಶಕದೊಳಕ್ಕೆ ತಂದರು. ಈಗ ಇಂಗಾಲ–ಜಲಜನಕ ಬಂಧ ತೆಗೆದುಕೊಳ್ಳಿ. ಅದರ ಕಂಪನದ ಶಕ್ತಿ ಸುಮಾರು 0.36 ಎಲೆಕ್ಟ್ರಾನ್ ವೋಲ್ಟ್. ಒಳಗೆ ಹೋಗುವ ಎಲೆಕ್ಟ್ರಾನ್‌ಗಳ ಹರವೇ 0.7 ಇದ್ದರೆ ಆ ಸಣ್ಣ ನಷ್ಟ ಎಲ್ಲಿ ಕಂಡೀತು? ಏನೂ ಕಳೆದುಕೊಳ್ಳದೆ ಬಂದ ಎಲೆಕ್ಟ್ರಾನ್‌ಗಳ ದೊಡ್ಡ ಶೃಂಗದ ಬುಡದಲ್ಲೇ ಹೂತುಹೋಗುತ್ತದೆ. ಹಾಗಾಗಿ ಮಾದರಿಗೆ ತಾಗುವ ಮೊದಲೇ ಎಲೆಕ್ಟ್ರಾನ್‌ಗಳನ್ನು ಶಕ್ತಿಗೆ ತಕ್ಕಂತೆ ಹರಡಿ, ಮೈಕ್ರಾನ್ ಅಳತೆಯ ಸೀಳಿನಲ್ಲಿ ಒಂದು ಎಳೆಯನ್ನಷ್ಟೇ ಒಳಗೆ ಬಿಡುತ್ತಾರೆ. 2014ರಲ್ಲಿ ಕ್ರಿವಾನೆಕ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಕಂಪನಗಳನ್ನು ತೋರಿಸಿದ್ದು ಹೀಗೆ ಹರವನ್ನು 10 ಮಿಲಿ ಎಲೆಕ್ಟ್ರಾನ್ ವೋಲ್ಟಿನ ಹತ್ತಿರಕ್ಕೆ ಇಳಿಸಿಕೊಂಡು. 60 ಸಾವಿರ ವೋಲ್ಟಿನ ಕಿರಣದಲ್ಲಿ ಅದು 60 ಲಕ್ಷದಲ್ಲಿ ಒಂದು ಪಾಲು.

ನನ್ನ ಕೊಳವೆಯಲ್ಲಿ ಮಿಲಿ ಎಲೆಕ್ಟ್ರಾನ್ ವೋಲ್ಟ್ ಮಾತೇ ಇಲ್ಲ. ಇಲ್ಲಿ ಗುರಿ ಹತ್ತಿಪ್ಪತ್ತು ವೋಲ್ಟ್ ವ್ಯತ್ಯಾಸವನ್ನು ಬೇರ್ಪಡಿಸಿ ಕಾಣುವುದು. ಆದರೆ ರೆಸಲ್ಯೂಷನ್ (ಹತ್ತಿರದ ಶಕ್ತಿಗಳನ್ನು ಬೇರೆಬೇರೆಯಾಗಿ ಕಾಣುವ ಸಾಮರ್ಥ್ಯ) ಕೆಡಿಸುವ ಕಾರಣಗಳು ಅಲ್ಲಿಯವೂ ಇಲ್ಲಿಯವೂ ಒಂದೇ. ಫಿಲ್ಟರ್ ಕಟ್ಟುವುದು ಸುಲಭ. ಅದರ ಸುತ್ತಲಿನದನ್ನೆಲ್ಲ ಅಲುಗದಂತೆ ನಿಲ್ಲಿಸುವುದೇ ನಿಜವಾದ ಕೆಲಸ. ಈ ಟಿಪ್ಪಣಿಯಲ್ಲೂ ಹೆಚ್ಚಿನ ಜಾಗ ಅದಕ್ಕೇ ಹೋಗಿದೆ.

ಲೆಕ್ಕ

ವೀನ್ ಫಿಲ್ಟರ್ ತತ್ವ 1898ರದು, ವಿಲ್ಹೆಲ್ಮ್ ವೀನ್ ಅವರದು. ಕಿರಣಕ್ಕೆ ಅಡ್ಡಲಾಗಿ ವಿದ್ಯುತ್ ಕ್ಷೇತ್ರ, ಅವೆರಡಕ್ಕೂ ಅಡ್ಡಲಾಗಿ ಕಾಂತಕ್ಷೇತ್ರ. ಒಂದು ಮೇಲಕ್ಕೆ ಎಳೆದರೆ ಇನ್ನೊಂದು ಕೆಳಕ್ಕೆ ಒತ್ತುತ್ತದೆ. ವಿದ್ಯುತ್ ಕ್ಷೇತ್ರವನ್ನು ಕಾಂತಕ್ಷೇತ್ರದಿಂದ ಭಾಗಿಸಿದಾಗ ಬರುವ ವೇಗ ಯಾವ ಎಲೆಕ್ಟ್ರಾನ್‌ಗೆ ಇದೆಯೋ ಅದು ನೇರ ಹೋಗುತ್ತದೆ, ಉಳಿದವು ಆಚೀಚೆ ಸರಿಯುತ್ತವೆ.

ನನ್ನ ಹತ್ತಿರ ಇದ್ದದ್ದು ಮೂರು ಇಂಚಿನ ದುಂಡು ಮುಖದ ಕೊಳವೆ. ವೇಗೋತ್ಕರ್ಷ 1000 ವೋಲ್ಟ್. ಅಷ್ಟಕ್ಕೆ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ 1 ಕೋಟಿ 88 ಲಕ್ಷ ಮೀಟರ್ ಸುಮಾರು. ಬಾಗಿಸುವ ತಗಡುಗಳ ಉದ್ದ 2 ಸೆಂಟಿಮೀಟರ್, ನಡುವಿನ ಅಂತರ 5 ಮಿಲಿಮೀಟರ್, ಅಲ್ಲಿಂದ ಪರದೆಗೆ 15 ಸೆಂಟಿಮೀಟರ್. ತಗಡುಗಳಿಗೆ 200 ವೋಲ್ಟ್ ಕೊಟ್ಟರೆ ಕಿರಣ 0.4 ರೇಡಿಯನ್ ಬಾಗಿ, ಪರದೆಯಲ್ಲಿ 6 ಸೆಂಟಿಮೀಟರ್ ಸರಿದು ಗಾಜಿನ ಆಚೆಗೇ ಹೋಗಿಬಿಡುತ್ತದೆ. ಅದನ್ನು ಕಾಂತಕ್ಷೇತ್ರದಿಂದ ವಾಪಸ್ ಮಧ್ಯಕ್ಕೆ ತರಲು 2.1 ಮಿಲಿಟೆಸ್ಲಾ ಬೇಕು.

ಈಗ ವೋಲ್ಟೇಜು ಒಂದಿಷ್ಟು ಬದಲಾಯಿತು ಅನ್ನಿ. ವಿದ್ಯುತ್ ಬಾಗುವಿಕೆ ವೋಲ್ಟೇಜಿನ ವಿಲೋಮದಲ್ಲಿ ಬದಲಾಗುತ್ತದೆ, ಕಾಂತ ಬಾಗುವಿಕೆ ಅದರ ವರ್ಗಮೂಲದ ವಿಲೋಮದಲ್ಲಿ. ಎರಡರ ನಡುವೆ ಉಳಿಯುವ ಅರ್ಧ ವ್ಯತ್ಯಾಸವೇ ಚುಕ್ಕೆಯನ್ನು ಸರಿಸುವುದು. ಲೆಕ್ಕ ಹಾಕಿದರೆ ಒಂದು ವೋಲ್ಟಿಗೆ 0.03 ಮಿಲಿಮೀಟರ್. ಚುಕ್ಕೆಯ ದಪ್ಪ ಅರ್ಧ ಮಿಲಿಮೀಟರ್ ಇರುವುದರಿಂದ 17 ವೋಲ್ಟಿಗಿಂತ ಕಡಿಮೆ ವ್ಯತ್ಯಾಸ ಬೇರೆಯಾಗಿ ಕಾಣುವಂತಿಲ್ಲ. ಕ್ಯಾಥೋಡಿನ ಸ್ವಂತ ಹರವು ಶಾಖದ ಲೆಕ್ಕದಲ್ಲಿ ಕಾಲು ಎಲೆಕ್ಟ್ರಾನ್ ವೋಲ್ಟಿನ ಹತ್ತಿರ ಬರುತ್ತದೆ. ಅದು ಇಲ್ಲಿ ಕಾಣುವ ಪ್ರಶ್ನೆಯೇ ಇಲ್ಲ. ಹಾಗಾಗಿ ಹರವನ್ನು ನಾವೇ ಬೆರೆಸಬೇಕು.

ಕಟ್ಟಿದ ಬಗೆ

ಕೊಳವೆಗೆ ಹೊದಿಸಿದ್ದ ಮ್ಯೂ-ಮೆಟಲ್ ಕವಚ ತೆಗೆದೆ. ಅದು ಇದ್ದರೆ ಹೊರಗಿನ ಕಾಂತಕ್ಷೇತ್ರ ಒಳಗೆ ಹೋಗುವುದಿಲ್ಲ. ತಗಡುಗಳಿರುವ ಜಾಗಕ್ಕೆ ಸರಿಯಾಗಿ ಕತ್ತಿನ ಎಡಕ್ಕೊಂದು ಬಲಕ್ಕೊಂದು ಕಾಯಿಲ್, ಪಿವಿಸಿ ಪೈಪಿನ ಬಳೆಗಳ ಮೇಲೆ ತಲಾ 100 ಸುತ್ತು. 26 ಗೇಜಿನ ಎನಾಮಲ್ ತಂತಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಕ್ಕಿತು. ಅಡಿಕೆ ತೋಟ ಇರುವ ಕಡೆಯಲ್ಲೆಲ್ಲ ಇಂಥ ಅಂಗಡಿ ಇದ್ದೇ ಇರುತ್ತದೆ, ಬೇಕಾದ ಗೇಜನ್ನು ತೂಕದ ಮೇಲೆ ಕೊಡುತ್ತಾರೆ. ಕಾಯಿಲಿಗೆ ಕರೆಂಟ್ ಕೊಟ್ಟಿದ್ದು 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಯಿಂದ, ಎಲ್‌ಎಂ317 ಐಸಿಯನ್ನು ಸ್ಥಿರ ಕರೆಂಟಿನ ಜೋಡಣೆಯಲ್ಲಿ ಇಟ್ಟು. ಕಾಯಿಲ್ ಬಿಸಿಯಾದಂತೆ ಅದರ ರೋಧ ಏರುತ್ತದೆ. ವೋಲ್ಟೇಜ್ ಸ್ಥಿರವಾಗಿಟ್ಟರೆ ಕರೆಂಟ್ ಇಳಿದು ಚುಕ್ಕೆ ಮೆಲ್ಲಗೆ ತೆವಳುತ್ತದೆ. ಕರೆಂಟನ್ನೇ ಸ್ಥಿರವಾಗಿಟ್ಟರೆ ಆ ತೊಂದರೆ ಇಲ್ಲ.

ತಗಡುಗಳಿಗೆ 9 ವೋಲ್ಟಿನ ಬ್ಯಾಟರಿ 22, ಎಲ್ಲ ಸರಣಿಯಲ್ಲಿ, ಮಧ್ಯದ ತುದಿ ನೆಲಕ್ಕೆ. ಅಂದರೆ ಒಂದು ತಗಡಿಗೆ +99, ಇನ್ನೊಂದಕ್ಕೆ −99. ಬ್ಯಾಟರಿಯಲ್ಲಿ ರಿಪಲ್ (ವೋಲ್ಟೇಜಿನ ಸಣ್ಣ ಏರಿಳಿತ) ಎಂಬುದೇ ಇಲ್ಲ, ಆಮೇಲೆ ದೋಷ ಹುಡುಕುವಾಗ ಇದು ಬಹಳ ಉಪಕಾರವಾಯಿತು. ಸಣ್ಣ ಬ್ಯಾಟರಿಗಳು ಎಂಬ ಸದರ ಬೇಡ. 198 ವೋಲ್ಟ್ ಡಿಸಿ ಕೈ ಹಿಡಿದರೆ ಬಿಡುವುದಿಲ್ಲ. ಹೈವೋಲ್ಟೇಜ್ ಕೆಪಾಸಿಟರ್‌ಗಳಂತೂ ಸ್ವಿಚ್ ಆರಿಸಿದ ಮೇಲೂ ತುಂಬಿಕೊಂಡೇ ಇರುತ್ತವೆ. ಪ್ರತಿ ಸಲವೂ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಇಟ್ಟು ನೋಡಿದ ಮೇಲೆಯೇ ಕೈ ಹಾಕುವುದು.

ಹೈವೋಲ್ಟೇಜ್ ಹಳೇ ಸಿಆರ್‌ಓದ್ದೇ ಟ್ರಾನ್ಸ್‌ಫಾರ್ಮರ್‌ನಿಂದ: ಒಂದು ಡಯೋಡ್ ಸರಪಳಿ, 0.47 ಮೈಕ್ರೋಫ್ಯಾರಡ್ ಕೆಪಾಸಿಟರ್. ಕ್ಯಾಥೋಡ್ −1000 ವೋಲ್ಟಿನಲ್ಲಿ, ಆನೋಡ್ ನೆಲದಲ್ಲಿ. ಪರೀಕ್ಷೆಗೆ ಬೇಕಾದ ಹರವನ್ನು ಬೆರೆಸಲು ಸರಬರಾಜಿನ ಧನ ತುದಿಯನ್ನು ನೇರ ನೆಲಕ್ಕೆ ಕಟ್ಟದೆ, ನಡುವೆ ಒಂದು ಆಡಿಯೋ ಟ್ರಾನ್ಸ್‌ಫಾರ್ಮರ್ ಇಟ್ಟೆ. ಅದಕ್ಕೆ ಕೊಡುವ ಅಲೆಗೆ ತಕ್ಕಂತೆ ಇಡೀ ಸರಬರಾಜೇ ಮೇಲೆ ಕೆಳಗೆ ಆಡುತ್ತದೆ. ಟ್ರಾನ್ಸ್‌ಫಾರ್ಮರ್ ಮಾತ್ರ ನೆಲದ ಹತ್ತಿರವೇ ಇರುವುದರಿಂದ ಅದಕ್ಕೆ ಸಾವಿರ ವೋಲ್ಟಿನ ಇನ್ಸುಲೇಷನ್ ಬೇಕಿಲ್ಲ.

ಮಳೆಗಾಲದಲ್ಲಿ ಇದನ್ನು ಕಟ್ಟುವವರಿಗೆ ಒಂದು ಮಾತು. ಆಗುಂಬೆ ಕಡೆಯಿಂದ ಬರುವ ಮಳೆ ನಮ್ಮಲ್ಲಿ ವಾರಗಟ್ಟಲೆ ಬಿಡುವುದಿಲ್ಲ, ಗೋಡೆಯೇ ಬೆವರುತ್ತದೆ. ಬೇಕಲೈಟ್ ಟ್ಯಾಗ್‌ಬೋರ್ಡಿನ ಮೇಲೆ ತೇವ ಕೂತರೆ ಅಲ್ಲೇ ಮೆಗಾಓಮ್ ಲೆಕ್ಕದ ದಾರಿಯೊಂದು ಹುಟ್ಟಿಕೊಂಡು, ಫೋಕಸ್ ಚೈನಿನ (ಫೋಕಸ್ ವೋಲ್ಟೇಜ್ ಕೊಡುವ ರೆಸಿಸ್ಟರ್ ಸರಪಳಿಯ) ಕರೆಂಟನ್ನು ಕದಿಯುತ್ತದೆ. ಲಕ್ಷಣ ಹೀಗಿತ್ತು: ಸ್ವಿಚ್ ಹಾಕಿದಾಗ ಚುಕ್ಕೆ ಊದಿಕೊಂಡಿದ್ದು, ಪೆಟ್ಟಿಗೆಯೊಳಗೆ ಕಾವು ಏರಿದಂತೆ ತಾನಾಗಿ ಚೂಪಾಗುತ್ತ ಬರುತ್ತಿತ್ತು. ಬೋರ್ಡನ್ನೂ ಕೊಳವೆಯ ಬುಡವನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಮರದ ಪೆಟ್ಟಿಗೆಯಲ್ಲಿ 60 ವ್ಯಾಟಿನ ಬಲ್ಬಿನ ಕಾವಿಗೆ ಒಣಗಿಸಿ, ಬಿಸಿ ಆರುವ ಮೊದಲೇ ವಾರ್ನಿಷ್ ಬಳಿದೆ. ಆಮೇಲೆ ಆ ಕಾಟ ಇಲ್ಲ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬಾರದೇ ಎಂದು ಕೇಳುವವರಿದ್ದಾರೆ. ಬೇಡ, ಮಸಿಯೂ ವಿದ್ಯುತ್ ಹರಿಸುತ್ತದೆ.

ಭೂಮಿಯ ಕಾಂತಕ್ಷೇತ್ರ

ಕವಚ ತೆಗೆದ ಕೂಡಲೇ ಚುಕ್ಕೆ ಮಧ್ಯ ಬಿಟ್ಟು ಒಂದು ಸೆಂಟಿಮೀಟರಿನಷ್ಟು ಸರಿದು ಕೂತಿತು. ಇದು ಭೂಮಿಯ ಕೆಲಸ. ನಮ್ಮ ಭಾಗದಲ್ಲಿ ಭೂಕಾಂತಕ್ಷೇತ್ರ 40 ಮೈಕ್ರೋಟೆಸ್ಲಾ ಆಸುಪಾಸು. 1000 ವೋಲ್ಟಿನ ಎಲೆಕ್ಟ್ರಾನ್ ಅದಕ್ಕೆ ಅಡ್ಡಲಾಗಿ ಹೋದರೆ ಸುಮಾರು 2.7 ಮೀಟರ್ ತ್ರಿಜ್ಯದ ಕಮಾನಿನಲ್ಲಿ ಬಾಗುತ್ತದೆ. ಕಾಲು ಮೀಟರ್ ದಾರಿಯಲ್ಲಿ ಅದು 12 ಮಿಲಿಮೀಟರ್ ಸರಿತ.

ಮಲೆನಾಡಿಗೆ ಇಲ್ಲೊಂದು ಅನುಕೂಲ ಇದೆ. ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯ ಹತ್ತಿರವೇ ಹಾದುಹೋಗುವುದರಿಂದ ನಮ್ಮಲ್ಲಿ ಕ್ಷೇತ್ರ ಹೆಚ್ಚುಕಡಿಮೆ ಮಲಗಿಕೊಂಡೇ ಇದೆ. ಯುರೋಪಿನಲ್ಲಿ ಅದು ಕಡಿದಾಗಿ ನೆಲಕ್ಕೆ ಇಳಿಯುತ್ತದೆ, ಕೊಳವೆಯನ್ನು ಮೇಜಿನ ಮೇಲೆ ಎತ್ತ ತಿರುಗಿಸಿದರೂ ತಪ್ಪಿಸಿಕೊಳ್ಳಲಾಗದು. ಇಲ್ಲಿ ದಿಕ್ಸೂಚಿ ಇಟ್ಟು ಕೊಳವೆಯನ್ನು ಉತ್ತರ–ದಕ್ಷಿಣಕ್ಕೆ ಮಲಗಿಸಿದರೆ ಸಾಕು, ಕಿರಣ ಕ್ಷೇತ್ರದ ಜೊತೆಜೊತೆಗೇ ಹೋಗುತ್ತದೆ, ಬಾಗುವುದಿಲ್ಲ. ಉಳಿಯುವ ಸ್ವಲ್ಪ ಲಂಬ ಭಾಗ ಚುಕ್ಕೆಯನ್ನು ಎರಡು ಮೂರು ಮಿಲಿಮೀಟರ್ ಪಕ್ಕಕ್ಕೆ ತಳ್ಳುತ್ತದೆ, ಆದರೆ ನನ್ನ ಫಿಲ್ಟರ್ ಹರಡುವುದು ಮೇಲೆ ಕೆಳಗೆ. ಪಕ್ಕದ ಸರಿತದಿಂದ ಅಳತೆಗೆ ಏನೂ ಆಗುವುದಿಲ್ಲ. ಇದನ್ನು ಕಂಡಾಗ ತುಂಬ ಖುಷಿಯಾಯಿತು.

ಎರಡು ನಾಬ್, ಒಂದು ಗೆರೆ

ಫಿಲ್ಟರ್ ಆನ್ ಮಾಡುವುದಕ್ಕೆ ಒಂದು ಪದ್ಧತಿ ಬೇಕು. 200 ವೋಲ್ಟನ್ನು ಒಂದೇ ಸಲ ಕೊಟ್ಟರೆ ಕಿರಣ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ಮೊದಲು 9 ವೋಲ್ಟ್ ಕೊಟ್ಟು, ಚುಕ್ಕೆ ಮೇಲಕ್ಕೆ ಸರಿದದ್ದನ್ನು ನೋಡಿ, ಕಾಯಿಲ್ ಕರೆಂಟ್ ಏರಿಸುತ್ತ ಮಧ್ಯಕ್ಕೆ ತರುವುದು. ಮತ್ತೆರಡು ಬ್ಯಾಟರಿ ಸೇರಿಸುವುದು, ಮತ್ತೆ ಕಾಯಿಲ್. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ 198 ವೋಲ್ಟ್ ಮುಟ್ಟಿದಾಗ, ಒಳಗೆ ಎರಡೂ ಬದಿಯಿಂದ ಜೋರಾಗಿ ಎಳೆದಾಟ ನಡೆಯುತ್ತಿದ್ದರೂ ಹೊರಗೆ ಚುಕ್ಕೆ ಮಧ್ಯದಲ್ಲೇ ಇರುತ್ತದೆ.

ಲೆಕ್ಕದ ಪ್ರಕಾರ ಒಂದು ಆಂಪಿಯರ್ ಹತ್ತಿರ ಬೇಕಿತ್ತು. ಸಮತೋಲ ಬಂದದ್ದು ಅದರ ಅರ್ಧಕ್ಕೂ ಕೆಳಗೆ. ಕಾರಣ ಸರಳ: ತಗಡು 2 ಸೆಂಟಿಮೀಟರ್ ಉದ್ದ, ಕಾಯಿಲಿನ ಕ್ಷೇತ್ರ ಅದರ ಆಚೀಚೆಗೂ ಚಾಚಿಕೊಂಡಿದೆ. ಕಿರಣ ಮೊದಲು ಕಾಂತಕ್ಷೇತ್ರದಲ್ಲಿ ಕೆಳಗೆ ಬಾಗಿ, ತಗಡುಗಳ ನಡುವೆ ಮೇಲಕ್ಕೆ ಹೊರಳಿ, ಮತ್ತೆ ಕೆಳಗೆ ಬಾಗಿ ಹೊರಬೀಳುತ್ತದೆ. ನಿಜವಾದ ವೀನ್ ಫಿಲ್ಟರ್‌ಗಳಲ್ಲೂ ಎರಡು ಕ್ಷೇತ್ರಗಳ ಅಂಚು ಹೊಂದಬೇಕೆಂದು ಎರಡೂ ತುದಿಗೆ ಕಬ್ಬಿಣದ ಫೀಲ್ಡ್ ಕ್ಲ್ಯಾಂಪ್ ಇಡುತ್ತಾರೆ. ನಾನು ಹಳೇ ಟ್ರಾನ್ಸ್‌ಫಾರ್ಮರ್ ಕೋರಿನ ತಗಡುಗಳನ್ನು ಬಳೆಯಾಕಾರಕ್ಕೆ ಕತ್ತರಿಸಿ ಕತ್ತಿನ ಸುತ್ತ ಕಾಯಿಲಿನ ಹಿಂದೆ ಮುಂದೆ ಕೂರಿಸಿದೆ. ಬೇಕಾದ ಕರೆಂಟ್ ಏರಿತು, ಅಂದರೆ ಅಂಚು ಮೊಟಕಾಯಿತು. ಪೂರ್ತಿ ಹೊಂದಲಿಲ್ಲ. ಕತ್ತಿನ ದಪ್ಪವೇ 5 ಸೆಂಟಿಮೀಟರ್ ಇರುವಾಗ ಹೊರಗಿನಿಂದ ಅದಕ್ಕಿಂತ ಹೆಚ್ಚು ಆಗದು.

ಇನ್ನೊಂದು ಸಂಗತಿ ಯಾವ ಪಠ್ಯದ ಚಿತ್ರದಲ್ಲೂ ಇಷ್ಟು ಚೆನ್ನಾಗಿ ಮನಸ್ಸಿಗೆ ಬಂದಿರಲಿಲ್ಲ. ಕ್ಷೇತ್ರಗಳು ಏರಿದಂತೆ ದುಂಡು ಚುಕ್ಕೆ ಕೆಟ್ಟು ಗೆರೆಯಾಗುತ್ತದೆ. ವೀನ್ ಫಿಲ್ಟರ್ ಹರಡುವ ದಿಕ್ಕಿನಲ್ಲಿ ಮಸೂರದಂತೆಯೂ ವರ್ತಿಸುತ್ತದೆ, ಇನ್ನೊಂದು ದಿಕ್ಕಿನಲ್ಲಿ ಇಲ್ಲ. ನನ್ನ ಅಳತೆಗಳಲ್ಲಿ ಆ ಮಸೂರದ ನಾಭಿದೂರ 12 ಸೆಂಟಿಮೀಟರ್ ಸುಮಾರು ಬರುತ್ತದೆ, ಪರದೆಗಿಂತ ಹತ್ತಿರ. ಅಂದರೆ ಸಾಕಷ್ಟು ಬಲವಾದ ಮಸೂರವೇ. ಫೋಕಸ್ ನಾಬ್ ತಿರುಗಿಸುತ್ತ ಹೋದರೆ ಒಂದು ಜಾಗದಲ್ಲಿ ನಿಂತ ಗೆರೆ, ಇನ್ನೊಂದು ಜಾಗದಲ್ಲಿ ಮಲಗಿದ ಗೆರೆ. ದುಂಡು ಚುಕ್ಕೆಯ ಆಸೆ ಬಿಟ್ಟು, ಮಲಗಿದ ಗೆರೆ ಅತ್ಯಂತ ತೆಳ್ಳಗಾಗುವಲ್ಲಿ ನಿಲ್ಲಿಸಬೇಕು. ಹರಡುವುದು ಮೇಲೆ ಕೆಳಗಾದ್ದರಿಂದ ಗೆರೆ ಅಡ್ಡಕ್ಕೆ ಎಷ್ಟು ಉದ್ದ ಇದ್ದರೂ ಚಿಂತೆಯಿಲ್ಲ, ತೆಳ್ಳಗಿದ್ದರೆ ಸಾಕು.

ಮಸುಕು ಎಲ್ಲಿಂದ ಬಂತು

ಆಡಿಯೋ ಟ್ರಾನ್ಸ್‌ಫಾರ್ಮರ್‌ಗೆ ಚದರ ಅಲೆ ಕೊಟ್ಟರೆ ಕಿರಣದಲ್ಲಿ ಎರಡೇ ಶಕ್ತಿಗಳಿರುತ್ತವೆ, ಪರದೆಯಲ್ಲಿ ಎರಡು ಗೆರೆ ಕಾಣಬೇಕು. 50 ವೋಲ್ಟ್ ವ್ಯತ್ಯಾಸಕ್ಕೆ ಕಂಡವು. 30ಕ್ಕೆ ಇಳಿಸಿದಾಗ ಒಂದಕ್ಕೊಂದು ಅಂಟಿಕೊಂಡವು. ಲೆಕ್ಕ 17 ಎನ್ನುತ್ತಿತ್ತು. ಉಳಿದ ಮಸುಕನ್ನು ಹುಡುಕಬೇಕಾಯಿತು.

ಮೊದಲು ಎರಡೂ ಕ್ಷೇತ್ರ ಆರಿಸಿ, ಚದರ ಅಲೆ ತೆಗೆದು, ಬರೀ ಚುಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಆಗಲೂ ಅದು ಮೇಲೆ ಕೆಳಗೆ ಅರ್ಧ ಮಿಲಿಮೀಟರ್ ಹಿಗ್ಗಿತ್ತು. ಕ್ಷೇತ್ರ ಇಲ್ಲದಾಗ ಶಕ್ತಿಯ ಹರವು ಚುಕ್ಕೆಯನ್ನು ಸರಿಸಲಾರದು, ಹಾಗಾಗಿ ಇದು ಹೊರಗಿನ ಕಾಂತಕ್ಷೇತ್ರವೇ ಸರಿ. ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಕೊಳವೆಯ ಪಕ್ಕದಲ್ಲೇ ಇತ್ತು. ಈ ಕೊಳವೆಯಲ್ಲಿ ಒಂದು ಮೈಕ್ರೋಟೆಸ್ಲಾ ಚುಕ್ಕೆಯನ್ನು 0.3 ಮಿಲಿಮೀಟರ್ ಎಳೆಯುತ್ತದೆ. ಉದ್ದ ವೈರ್ ಹಾಕಿ ಟ್ರಾನ್ಸ್‌ಫಾರ್ಮರನ್ನು ಕೋಣೆಯ ಆ ತುದಿಗೆ ಒಯ್ದೆ. ಇಂಥ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ದೂರ ಎರಡು ಪಟ್ಟಾದರೆ ಕ್ಷೇತ್ರ ಎಂಟನೇ ಒಂದು. ಚುಕ್ಕೆ ದುಂಡಗಾಯಿತು. ಸೂಕ್ಷ್ಮದರ್ಶಕದ ಕೋಣೆಗಳ ಸುತ್ತ ಕಾಯಿಲ್ ಕಟ್ಟಿ, ಹೊರಗಿನ ಕ್ಷೇತ್ರವನ್ನು ಅಳೆಯುತ್ತ ಅದಕ್ಕೆ ಎದುರು ಕ್ಷೇತ್ರ ಕೊಡುತ್ತಲೇ ಇರುವುದೂ ಈ ಕಾರಣಕ್ಕೆ.

ಆಮೇಲೆ ಫಿಲ್ಟರ್ ಆನ್ ಮಾಡಿದೆ. ಗೆರೆ ಮತ್ತೆ ದಪ್ಪ. ಕಾಯಿಲ್ ಬ್ಯಾಟರಿಯಲ್ಲಿದೆ, ತಗಡು ಬ್ಯಾಟರಿಯಲ್ಲಿದೆ. ಉಳಿದದ್ದು ಹೈವೋಲ್ಟೇಜ್ ಒಂದೇ. ಖಾತ್ರಿ ಮಾಡಿಕೊಳ್ಳಲು ಅಡ್ಡ ತಗಡುಗಳಿಗೆ ಸಣ್ಣ ಆಂಪ್ಲಿಫೈಯರ್ ಮೂಲಕ 25 ಹರ್ಟ್ಸ್ ಇಳಿಜಾರು ಅಲೆ ಕೊಟ್ಟು ಗೆರೆಯನ್ನು ಕಾಲದಲ್ಲಿ ಹರಡಿ ನೋಡಿದೆ. ಪರದೆಯಲ್ಲಿ ಗರಗಸದ ಹಲ್ಲು ಮೂಡಿತು: ಒಂದು ಬದಿ ನಿಧಾನದ ಇಳಿಜಾರು, ಇನ್ನೊಂದು ಬದಿ ಕಡಿದಾದ ಏರು, ಹೀಗೆ ಎರಡು ಹಲ್ಲು. ಕಾಂತದ ಕಾಟವಾಗಿದ್ದರೆ ನುಣುಪಾದ ಸೈನ್ ಅಲೆ ಇರುತ್ತಿತ್ತು. ಇಳಿಜಾರು ಎಂದರೆ ಕೆಪಾಸಿಟರ್ ಖಾಲಿಯಾಗುತ್ತಿರುವುದು, ಏರು ಎಂದರೆ ಡಯೋಡ್ ಅದನ್ನು ತುಂಬುತ್ತಿರುವುದು. ಕೊಳವೆ ತನ್ನದೇ ಸರಬರಾಜಿನ ರಿಪಲ್ಲನ್ನು ತಾನೇ ಬರೆದು ತೋರಿಸುತ್ತಿತ್ತು. ಇಡೀ ಕೆಲಸದಲ್ಲಿ ಮಕ್ಕಳಿಗೆ ತೋರಿಸಲೇಬೇಕಾದದ್ದು ಇದು.

ಲೆಕ್ಕವೂ ಕೂಡಿಬಂತು. ಚೈನ್ ಎಳೆಯುವ ಅರ್ಧ ಮಿಲಿಆಂಪಿಯರ್, 50 ಹರ್ಟ್ಸಿನ ಒಂದು ಆವರ್ತ 20 ಮಿಲಿಸೆಕೆಂಡ್, 0.47 ಮೈಕ್ರೋಫ್ಯಾರಡ್: 21 ವೋಲ್ಟ್ ರಿಪಲ್. ವೋಲ್ಟಿಗೆ 0.03ರಂತೆ 0.6 ಮಿಲಿಮೀಟರ್. 1 ಲಕ್ಷ ಓಮ್ ರೆಸಿಸ್ಟರ್ ಮತ್ತು ಇನ್ನೊಂದು 0.47 ಮೈಕ್ರೋಫ್ಯಾರಡ್ ಸೇರಿಸಿದರೆ ಅದು ಹದಿನೈದನೇ ಒಂದು ಪಾಲಿಗೆ, ಒಂದೂವರೆ ವೋಲ್ಟಿನ ಹತ್ತಿರಕ್ಕೆ ಇಳಿಯುತ್ತದೆ. ಬದಲಿಗೆ 50 ವೋಲ್ಟ್ ಕಳೆದುಕೊಳ್ಳಬೇಕು, ಅಷ್ಟೇ. ಹಲ್ಲುಗಳು ಮಾಯವಾದವು. ಈಗ 20 ವೋಲ್ಟಿಗೆ ಎರಡು ಗೆರೆ ಬೇರೆಬೇರೆ, ನಡುವೆ ಕಪ್ಪು.

ವೇಗೋತ್ಕರ್ಷವನ್ನು 600 ವೋಲ್ಟಿಗೂ, ತಗಡನ್ನು ಅದೇ ಬಾಗುವಿಕೆ ಉಳಿಯುವಂತೆ 120ರ ಆಸುಪಾಸಿಗೂ ಇಳಿಸಿದೆ. ಬೆಳಕು ಮಂಕಾಯಿತು, ಗೆರೆ ತುಸು ದಪ್ಪವಾಯಿತು, ಆದರೂ 12 ವೋಲ್ಟ್ ವ್ಯತ್ಯಾಸ ಬೇರೆಯಾಗಿ ಕಂಡಿತು. ನಿಧಾನದ ಎಲೆಕ್ಟ್ರಾನ್‌ಗಳನ್ನು ಬೇರ್ಪಡಿಸುವುದು ಸುಲಭ. ವೀನ್ ಮಾದರಿಯ ಮಾನೋಕ್ರೋಮೇಟರನ್ನು ಸೂಕ್ಷ್ಮದರ್ಶಕದ ನೆತ್ತಿಯಲ್ಲಿ, ಎಲೆಕ್ಟ್ರಾನ್ ಪೂರ್ತಿ ವೇಗ ಪಡೆಯುವ ಮೊದಲೇ ಇಡುವುದು ಇದಕ್ಕೇ.

ಪರದೆಯ ಮೇಲೆ ಎರಡು ಬ್ಲೇಡ್ ಚೂರುಗಳ ಸೀಳು, ಹಿಂದೆ ಬಿಪಿಡಬ್ಲ್ಯು34 ಫೋಟೋಡಯೋಡ್ ಇಟ್ಟು ಕಾಯಿಲ್ ಕರೆಂಟನ್ನು ಮೆಲ್ಲಗೆ ಬದಲಿಸಿದರೆ ಮೀಟರಿನಲ್ಲಿ ಎರಡು ಶೃಂಗಗಳ ಪೂರ್ತಿ ರೂಪ ಸಿಗುತ್ತದೆ. ಸೀಳು ಕಿರಿದಾದಷ್ಟು ಶೃಂಗ ಚೂಪು, ಓದು ಸಣ್ಣದು. ದೊಡ್ಡ ಯಂತ್ರದಲ್ಲೂ ಹಾಗೆಯೇ, ಕಿರಣದ ಹೆಚ್ಚಿನ ಪಾಲನ್ನು ಸೀಳಿನಲ್ಲೇ ಬಿಟ್ಟುಕೊಡಬೇಕಾಗುತ್ತದೆ.

ರಿಪಲ್ಲನ್ನು ಅದರಿಂದಲೇ ಕಳೆಯುವುದು

ಕ್ರಿವಾನೆಕ್ ಅವರ ಯಂತ್ರದಲ್ಲಿ ಫಿಲ್ಟರ್ ಕೆಳಗಿದೆ, ಪೂರ್ತಿ ವೇಗದ ಕಿರಣವನ್ನು ಕಾಂತ ಪ್ರಿಸಂಗಳಿಂದ ಹರಡುತ್ತಾರೆ. ಅಲ್ಲಿ ಮಾನೋಕ್ರೋಮೇಟರ್ ಮತ್ತು ಸ್ಪೆಕ್ಟ್ರೋಮೀಟರ್‌ಗಳ (ಮಾದರಿ ದಾಟಿದ ಮೇಲೆ ಶಕ್ತಿ ಅಳೆಯುವ ಭಾಗ) ಪ್ರಿಸಂ ಕಾಯಿಲ್‌ಗಳು ಒಂದೇ ಸರಣಿಯಲ್ಲಿ, ಒಂದೇ ಕರೆಂಟಿನಲ್ಲಿ ಕೂತಿವೆ. ಕರೆಂಟ್ ತುಸು ಜಾರಿದರೂ ಎರಡೂ ಒಟ್ಟಿಗೇ ಜಾರಿ, ಒಂದರ ತಪ್ಪನ್ನು ಇನ್ನೊಂದು ಹೊಡೆದುಹಾಕುತ್ತದೆ. ಆ ಯೋಚನೆ ನನ್ನ ಕೊಳವೆಯಲ್ಲೂ ನಡೆಯುತ್ತದೆಯೇ ನೋಡಬೇಕೆನಿಸಿತು.

ರಿಪಲ್ ಫಿಲ್ಟರ್ ತೆಗೆದು 21 ವೋಲ್ಟಿನ ಹಲ್ಲುಗಳನ್ನು ವಾಪಸ್ ತಂದೆ. ವೇಗೋತ್ಕರ್ಷ ನೂರಕ್ಕೆ 2 ಇಳಿದಾಗ ತಗಡಿನ ವೋಲ್ಟೇಜ್ ನೂರಕ್ಕೆ 1 ಇಳಿದರೆ ಸಮತೋಲ ತಪ್ಪುವುದಿಲ್ಲ. ಅಂದರೆ ಕ್ಯಾಥೋಡಿನ ರಿಪಲ್ಲಿನ ಹತ್ತನೇ ಒಂದು ಪಾಲನ್ನು ಋಣ ತಗಡಿಗೆ ಕೊಡಬೇಕು. 2 ಸಾವಿರ ವೋಲ್ಟಿನ ಕೆಪಾಸಿಟರ್ ಒಂದು, ಆಚೆ ಪೊಟೆನ್ಷಿಯೋಮೀಟರ್. ನಾಬ್ ತಿರುಗಿಸಿದಂತೆ ಹಲ್ಲುಗಳು ಗಿಡ್ಡವಾಗುತ್ತ ಬಂದು ಗೆರೆ ಮಟ್ಟಸವಾಯಿತು. ಇನ್ನೂ ತಿರುಗಿಸಿದರೆ ಅವೇ ಹಲ್ಲುಗಳು ತಲೆಕೆಳಗಾಗಿ ಎದ್ದವು.

ಆ ಮಟ್ಟಸ ಜಾಗದಲ್ಲಿ ನಾಬ್ ಬಿಟ್ಟು ಚದರ ಅಲೆ ಕೊಟ್ಟರೆ ಎರಡು ಗೆರೆ ಕಾಣುವುದೇ ಇಲ್ಲ, ಎರಡೂ ಸೇರಿ ಒಂದೇ. ನಾನು ಬೆರೆಸಿದ ವ್ಯತ್ಯಾಸವೂ ಸರಬರಾಜಿನ ಮೂಲಕವೇ ಬರುವುದರಿಂದ ಅದೂ ಕಳೆದುಹೋಗುತ್ತದೆ. ಉಳಿಯಬಹುದಾದದ್ದು ಕ್ಯಾಥೋಡಿನ ಮೈಯಿಂದಲೇ ಹೊರಟ ಹರವು ಮಾತ್ರ, ದೊಡ್ಡ ಯಂತ್ರಗಳಲ್ಲಿ ಇಷ್ಟು ಮಾಡುವುದೂ ಅದನ್ನು ಹಿಡಿಯುವುದಕ್ಕೇ. ಪರೀಕ್ಷೆಯ ಹೊತ್ತಿಗೆ ಕೆಪಾಸಿಟರನ್ನು ತಗಡಿನಿಂದ ಬಿಡಿಸಲು ಒಂದು ಸ್ವಿಚ್ ಹಾಕಿದ್ದೇನೆ. ಸಾವಿರ ವೋಲ್ಟಿನ ಪಕ್ಕದಲ್ಲಿರುವ ಸ್ವಿಚ್ಚಾದ್ದರಿಂದ ಹಿಡಿಕೆಗೆ ಒಂದು ಗೇಣು ಉದ್ದದ ಪ್ಲಾಸ್ಟಿಕ್ ಕಡ್ಡಿ ಜೋಡಿಸಿದೆ.